‘ಹೀರೋಸ್’ ಹಾಳಾಗಿದ್ದು ಬರಹಗಾರರ ಮುಷ್ಕರದಿಂದಲೇನಾ?

ಕಡಲತೀರ

ಸ್ಪಾಯ್ಲರ್ ತುಂಬಾ ಇದೆ. ಇನ್ನೂ ನೋಡದವರು ಇಲ್ಲಿಗೇ ನಿಲ್ಲಿಸಿ.

ಸಾಮಾನ್ಯ ಜನರಿಗೆ ಇದ್ದಕ್ಕಿದ್ದಂತೆ ಅತಿಮಾನುಷ ಶಕ್ತಿ ಬರುವ ಧಾರಾವಾಹಿ ‘ಹೀರೋಸ್’ ಅಮೆರಿಕದ ಎನ್‌ಬಿಸಿ ಚಾನೆಲ್‌ನಲ್ಲಿ 2006ರ ಸೆಪ್ಟೆಂಬರ್ 25ಕ್ಕೆ ಶುರುವಾಯಿತು. ಮೊದಲ ರಾತ್ರಿಯೇ ಸುಮಾರು 1 ಕೋಟಿ 40 ಲಕ್ಷ ಜನ ನೋಡಿದರು. 2010ರ ಫೆಬ್ರವರಿಯಲ್ಲಿ ಕೊನೆಯ ಎಪಿಸೋಡು ಬಂದಾಗ ಉಳಿದವರು 44 ಲಕ್ಷದ ಆಸುಪಾಸು. ಬರೀ ನಾಲ್ಕು ಸೀಸನ್‌ನಲ್ಲಿ ಇಷ್ಟು ಜನ ಎದ್ದು ಹೋದರು ಅಂದರೆ ಏನೋ ದೊಡ್ಡದಾಗಿಯೇ ಕೆಟ್ಟಿರಬೇಕು.

ಯಾರನ್ನು ಕೇಳಿದರೂ ಒಂದೇ ಉತ್ತರ. ‘ಆಗ ರೈಟರ್ಸ್ ಸ್ಟ್ರೈಕ್ ಆಯಿತಲ್ಲ, ಅದಕ್ಕೇ.’ ನನಗೆ ಇದು ಒಪ್ಪಿಗೆಯಿಲ್ಲ. ಅಮೆರಿಕದ ಟಿವಿ, ಸಿನಿಮಾ ಬರಹಗಾರರ ಆ ಮುಷ್ಕರ ಶುರುವಾಗಿದ್ದು 2007ರ ನವೆಂಬರ್ 5ಕ್ಕೆ. ಎರಡನೇ ಸೀಸನ್ ಶುರುವಾಗಿದ್ದು ಸೆಪ್ಟೆಂಬರ್ 24ಕ್ಕೆ. ಜನ ಗೊಣಗಲು ಶುರು ಮಾಡಿದ್ದು ಅಕ್ಟೋಬರ್‌ನಲ್ಲೇ. ನವೆಂಬರ್ ಮೊದಲ ಭಾಗದಲ್ಲಿ ಧಾರಾವಾಹಿಯ ಸೃಷ್ಟಿಕರ್ತ ಟಿಮ್ ಕ್ರಿಂಗ್ ‘ಎಂಟರ್‌ಟೇನ್‌ಮೆಂಟ್ ವೀಕ್ಲಿ’ ಪತ್ರಿಕೆಗೆ ಸಂದರ್ಶನ ಕೊಟ್ಟು ತಪ್ಪೊಪ್ಪಿಕೊಂಡರು. ಕಥೆ ನಿಧಾನವಾಯಿತು, ಕಾಲದಲ್ಲಿ ಓಡಾಡಬಲ್ಲ ಜಪಾನಿ ಹುಡುಗ ಹಿರೋನನ್ನು ಹಳೆಯ ಜಪಾನಿನಲ್ಲಿ ಜಾಸ್ತಿ ದಿನ ಇಟ್ಟುಬಿಟ್ಟೆವು, ಪ್ರೇಮ ಪ್ರಸಂಗಗಳು ಕೂಡಿಬರಲಿಲ್ಲ, ಹೊಸ ಪಾತ್ರಗಳನ್ನು ಮುಖ್ಯ ಕಥೆಗೆ ಜೋಡಿಸಲಿಲ್ಲ ಅಂತ. ಅವರು ಒಪ್ಪಿಕೊಂಡ ಎಪಿಸೋಡುಗಳೆಲ್ಲ ಮುಷ್ಕರಕ್ಕೆ ಮೊದಲೇ ಬರೆದಿಟ್ಟಿದ್ದವು.

ಹಾಗಾದರೆ ನಿಜವಾಗಿ ಕೆಟ್ಟಿದ್ದು ಏನು? ನಿಮ್ಮ ಲೆಕ್ಕಾಚಾರ ಹೇಳಿ.

ರಾತ್ರಿಪಾಳಿ

ಮುಷ್ಕರವನ್ನು ಅಷ್ಟು ಸುಲಭಕ್ಕೆ ಬಿಡಬೇಡಿ ಸರ್. ಎರಡನೇ ಸೀಸನ್‌ಗೆ 24 ಎಪಿಸೋಡಿನ ಯೋಜನೆ ಇತ್ತು, ಬಂದಿದ್ದು 11. ಕೊನೆಯ ಎಪಿಸೋಡಿನಲ್ಲಿ ವೈರಸ್ ಇರುವ ಸೀಸೆ ಕೆಳಗೆ ಬೀಳುತ್ತದೆ, ಮುಖ್ಯ ಪಾತ್ರಗಳಲ್ಲೊಬ್ಬನಾದ ಪೀಟರ್ ಅದನ್ನು ಹಿಡಿದುಬಿಡುತ್ತಾನೆ. ಮೊದಲು ಬರೆದಿದ್ದ ಪ್ರಕಾರ ಅವನು ಹಿಡಿಯುವುದಿಲ್ಲ, ಸೀಸೆ ಒಡೆಯುತ್ತದೆ, ರೋಗ ಹರಡುತ್ತದೆ. ಅದೇ ಮುಂದಿನ ಭಾಗದ ಕಥೆ. ಮುಷ್ಕರ ಬಂತು ಅಂತ ಅವಸರದಲ್ಲಿ ಅದನ್ನು ಬದಲಾಯಿಸಿದರು. ಅರ್ಧ ಕಟ್ಟಿದ ಮನೆಗೆ ಸೂರು ಹಾಕಿ ಗೃಹಪ್ರವೇಶ ಮಾಡಿದಂತಾಯಿತು.

ಪೀಟರ್ ಭವಿಷ್ಯಕ್ಕೆ ಕರೆದುಕೊಂಡು ಹೋಗಿ ಅಲ್ಲೇ ಬಿಟ್ಟುಬಂದ ಐರಿಶ್ ಹುಡುಗಿ ಕೇಟ್ಲಿನ್ ನೆನಪಿದೆಯಾ? ರೋಗ ಬಂದ ಆ ಭವಿಷ್ಯವೇ ರದ್ದಾದ ಮೇಲೆ ಅವಳ ಕಥೆ ಏನು? ಯಾರೂ ಮತ್ತೆ ಅವಳ ಹೆಸರೆತ್ತಲಿಲ್ಲ. ಮುಷ್ಕರ ಆಗದಿದ್ದರೆ ಬಹುಶಃ ಆ ದಾರಿಗೆ ಒಂದು ಕೊನೆ ಸಿಗುತ್ತಿತ್ತು.

ಕಡಲತೀರ

ಕೇಟ್ಲಿನ್ ವಿಷಯ ಒಪ್ಪಿದೆ. ಆದರೆ 2008ರ ಫೆಬ್ರವರಿಯಲ್ಲಿ ಮುಷ್ಕರ ಮುಗಿಯಿತು. ಮೂರನೇ ಸೀಸನ್ ಬಂದಿದ್ದು ಆ ವರ್ಷದ ಸೆಪ್ಟೆಂಬರ್‌ಗೆ. ಕೂತು ಯೋಚಿಸಲು ತಿಂಗಳುಗಟ್ಟಲೆ ಸಮಯವಿತ್ತು. 25 ಎಪಿಸೋಡು ಸಿಕ್ಕಿತ್ತು. ಅಲ್ಲಿ ಏನಾಯಿತು? ವಿಜ್ಞಾನಿ ಮೊಹಿಂದರ್ ಮೈಮೇಲೆ ಪೊರೆ ಬೆಳೆಸಿಕೊಂಡು ಜನರನ್ನು ಗೋಡೆಗೆ ಅಂಟಿಸಿದ! ಅದನ್ನು ಯಾವ ಮುಷ್ಕರದ ಲೆಕ್ಕಕ್ಕೆ ಹಾಕುತ್ತೀರಿ?

ಹಾರ್ಡ್‌ಡಿಸ್ಕ್ ಹುಡುಗ

ಮೊಹಿಂದರ್ ಹುಳು ಆಗಿದ್ದನ್ನು ನೆನಪಿಸಬೇಡಿ ಗುರು, ಊಟದ ಹೊತ್ತು 😅

ನಮ್ಮ ಹಾಸ್ಟೆಲ್‌ನಲ್ಲಿ ಎರಡನೇ ಸೀಸನ್ ಕಾಪಿ ಮಾಡಿಕೊಳ್ಳಲು ಕ್ಯೂ ಇತ್ತು. ಮೂರನೆಯದು ಬಂದಾಗ ಯಾರ ಹಾರ್ಡ್‌ಡಿಸ್ಕ್‌ನಲ್ಲೂ ಅದಕ್ಕೆ ಜಾಗ ಇರಲಿಲ್ಲ. ಜಾಗ ಇತ್ತು, ಮನಸ್ಸಿರಲಿಲ್ಲ ಅನ್ನಿ.

ಮುಸುರೆಪಾತ್ರೆ

ನನ್ನ ಲೆಕ್ಕ ಬೇರೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಮೊದಲ ಸೀಸನ್‌ನಲ್ಲಿ ಯಾರಿಗೆ ಯಾವ ಶಕ್ತಿ ಬಂತು ಅಂತ ಒಂದು ಸಲ ನೋಡಿ. ಪೀಟರ್ ಪೆಟ್ರೆಲ್ಲಿ ಸಾಯುವ ರೋಗಿಗಳನ್ನು ನೋಡಿಕೊಳ್ಳುವ ನರ್ಸ್. ಇನ್ನೊಬ್ಬರ ನೋವು ಅವನಿಗೆ ಬೇಗ ತಟ್ಟುತ್ತದೆ. ಅವನಿಗೆ ಬಂದ ಶಕ್ತಿ ಎಂದರೆ ಹತ್ತಿರ ಇರುವವರ ಶಕ್ತಿ ತನಗೂ ಬರುವುದು. ಮ್ಯಾಟ್ ಪಾರ್ಕ್‌ಮನ್ ಲಾಸ್ ಏಂಜಲೀಸ್‌ನ ಪೊಲೀಸ್. ಅಕ್ಷರ ಓದಲು ಕಷ್ಟ, ಡಿಸ್ಲೆಕ್ಸಿಯಾ. ಅದಕ್ಕೇ ಡಿಟೆಕ್ಟಿವ್ ಪರೀಕ್ಷೆ ಪಾಸಾಗುತ್ತಿಲ್ಲ. ಅವನಿಗೆ ಜನರ ಮನಸ್ಸು ಓದಲು ಬರುತ್ತದೆ. ಹೆಂಡತಿ ಮುಚ್ಚಿಟ್ಟಿದ್ದೂ ಕೇಳಿಸುತ್ತದೆ, ಅದು ಬೇರೆ ಫಜೀತಿ. ಹಿರೋ ನಕಾಮುರಾ ಟೋಕಿಯೋದ ಆಫೀಸಿನ ಪುಟ್ಟ ಗೂಡಿನಲ್ಲಿ ಕೂತು ಗಡಿಯಾರ ನೋಡುವವನು. ಅವನು ಗಡಿಯಾರ ನಿಲ್ಲಿಸುತ್ತಾನೆ. ಡಿ.ಎಲ್. ಜೈಲಿನಲ್ಲಿದ್ದವನು, ಗೋಡೆ ದಾಟಿ ಬರುತ್ತಾನೆ. ಸೈಲರ್ ಗಡಿಯಾರ ರಿಪೇರಿ ಮಾಡುತ್ತಿದ್ದವನು. ಯಾವ ವಸ್ತು ಹೇಗೆ ಕೆಲಸ ಮಾಡುತ್ತದೆ ಅಂತ ನೋಡಿದ ತಕ್ಷಣ ಗೊತ್ತಾಗುತ್ತದೆ. ಅದೇ ಕಣ್ಣಿನಿಂದ ಅವನು ಮನುಷ್ಯರ ತಲೆ ಬಿಚ್ಚಿ ನೋಡುತ್ತಾನೆ.

ಅಂದರೆ ಶಕ್ತಿ ಎಲ್ಲಿಂದಲೋ ಬಂದು ಬಿದ್ದಿದ್ದಲ್ಲ. ಅವರವರ ಬದುಕಿನಲ್ಲಿ ಮೊದಲೇ ಇದ್ದ ಕೊರತೆಗೋ ಹಟಕ್ಕೋ ಅದು ಅಂಟಿಕೊಂಡಿತ್ತು. ಸೂಪರ್‌ಹೀರೋ ಉಡುಪಿಲ್ಲ, ಮುಖವಾಡ ಇಲ್ಲ. ಸಾಲ ಇದೆ, ಎಲೆಕ್ಷನ್ ಇದೆ, ಡಿವೋರ್ಸ್ ಇದೆ. ಪೀಟರ್‌ನ ಅಣ್ಣ ನೇಥನ್‌ಗೆ ಹಾರಲು ಬರುತ್ತದೆ, ಆದರೆ ಅವನು ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ಗೆ ನಿಂತ ಅಭ್ಯರ್ಥಿ. ಯಾರಾದರೂ ನೋಡಿಬಿಟ್ಟರೆ ಗತಿಯೇನು ಅನ್ನುವುದೇ ಅವನ ಚಿಂತೆ. ಇದನ್ನು ನೋಡುವಾಗ ನಗು ಬರುತ್ತದೆ, ಪಾಪ ಅಂತಲೂ ಅನ್ನಿಸುತ್ತದೆ.

ಮೂರನೇ ಸೀಸನ್‌ಗೆ ಬಂದರೆ ಶಕ್ತಿ ಇಂಜೆಕ್ಷನ್‌ನಲ್ಲಿ ಸಿಗುತ್ತದೆ. ಪೈನ್‌ಹರ್ಸ್ಟ್ ಅನ್ನುವ ಕಂಪನಿ ಫಾರ್ಮುಲಾ ಮಾಡಿಟ್ಟಿದೆ. ಆಂಡೋಗೂ ಒಂದು ಡೋಸ್. ಹಿರೋ ಜೊತೆಗೆ ಬರೀ ಗೆಳೆತನಕ್ಕೆ ಓಡಾಡುತ್ತಿದ್ದ ಆಂಡೋ ಅವನು. ಅವನಿಗೂ ಕೈಯಿಂದ ಕೆಂಪು ಬೆಳಕು ಬಂದ ಮೇಲೆ ಆ ಗೆಳೆತನದ ತೂಕ ಎಲ್ಲಿ ಉಳಿಯಿತು? ಧಾರಾವಾಹಿ ಕೆಟ್ಟಿದ್ದು ಅಲ್ಲಿ. ಮುಷ್ಕರ ನೆಪ.

ರಾತ್ರಿಪಾಳಿ

ಇದು ಒಳ್ಳೆಯ ಮಾತು. ಆದರೆ ಎರಡನೇ ಸೀಸನ್‌ನ ಮೋನಿಕಾ ನಿಮ್ಮ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತಾಳಲ್ಲ? ಚಂಡಮಾರುತದಲ್ಲಿ ಹಾಳಾದ ನ್ಯೂ ಆರ್ಲಿಯನ್ಸ್‌ನಲ್ಲಿ ಬರ್ಗರ್ ಅಂಗಡಿ ಕೆಲಸ. ಪ್ರಮೋಷನ್ ಸಿಗುತ್ತಿಲ್ಲ. ಟಿವಿಯಲ್ಲಿ ಏನು ನೋಡಿದರೂ ಅವಳ ಕೈಕಾಲು ಅದನ್ನು ಕಲಿತುಬಿಡುತ್ತದೆ. ಅವಳನ್ನು ಬೆಳೆಸಬಹುದಿತ್ತು. ಕಿಡ್ನ್ಯಾಪ್ ಮಾಡಿ ಬೆಂಕಿಗೆ ಸಿಕ್ಕಿಸಿ ಕೈತೊಳೆದುಕೊಂಡರು.

ಮುಸುರೆಪಾತ್ರೆ

ಹೌದು, ಮೋನಿಕಾ ಚೆನ್ನಾಗಿದ್ದಳು. ಅವಳಿಗೆ ಸಿಗಬೇಕಾದ ಸಮಯವೆಲ್ಲ ಮಾಯಾ ಅನ್ನುವ ಇನ್ನೊಂದು ಪಾತ್ರ ಕಣ್ಣಿನಿಂದ ಕಪ್ಪು ನೀರು ಸುರಿಸುವುದರಲ್ಲಿ ಹೋಯಿತು.

ಟೆಕ್ಸಾಸ್ ತುಂಗಾ

ನಾನು ಟೆಕ್ಸಾಸ್‌ನಲ್ಲೇ ಇರುವವಳು, ಹಾಗಾಗಿ ಒಡೆಸ್ಸಾ ಬಗ್ಗೆ ಎರಡು ಮಾತು. ಕ್ಲೇರ್‌ನ ಊರು ಅದು. ಪಶ್ಚಿಮ ಟೆಕ್ಸಾಸ್‌ನ ಎಣ್ಣೆ ಬಾವಿಗಳ ಸೀಮೆ. ಕಣ್ಣು ಹಾಯಿಸಿದಷ್ಟು ದೂರ ಬಯಲು, ಎಣ್ಣೆ ಎತ್ತುವ ಪಂಪುಗಳು ತಲೆಯಾಡಿಸುತ್ತಾ ಇರುತ್ತವೆ. ಶುಕ್ರವಾರ ರಾತ್ರಿ ಹೈಸ್ಕೂಲ್ ಫುಟ್‌ಬಾಲ್ ಅಂದರೆ ಆ ಊರಿಗೆ ಜಾತ್ರೆ. ಅಂಥ ಊರಿನಲ್ಲಿ ಚಿಯರ್‌ಲೀಡರ್ ಆಗಿರುವ ಹುಡುಗಿಗೆ ಎಲ್ಲರಂತೆ ಇರುವುದೇ ದೊಡ್ಡ ವಿಷಯ. ಎತ್ತರದಿಂದ ಬಿದ್ದು ಮೂಳೆ ಮುರಿದುಕೊಂಡು ಮತ್ತೆ ಎದ್ದು ಕೂರುವ ಹುಡುಗಿಗೆ ಅಲ್ಲಿ ಎಷ್ಟು ಭಯ ಆಗಬಹುದು ಅಂತ ಯೋಚಿಸಿ. ನ್ಯೂಯಾರ್ಕ್‌ನಲ್ಲಿ ಆಗಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲವೇನೋ.

ಶೂಟಿಂಗ್ ಆಗಿದ್ದು ಹೆಚ್ಚಾಗಿ ಲಾಸ್ ಏಂಜಲೀಸ್ ಕಡೆ. ಅವಳ ಯೂನಿಯನ್ ವೆಲ್ಸ್ ಸ್ಕೂಲು ಕಲ್ಪನೆ. ಆದರೂ ಊರಿನ ಸ್ವಭಾವ ಹಿಡಿದಿದ್ದರು. ಎರಡನೇ ಸೀಸನ್‌ನಲ್ಲಿ ಅವಳನ್ನು ಕ್ಯಾಲಿಫೋರ್ನಿಯಾಕ್ಕೆ ಕರೆದುಕೊಂಡು ಹೋದರು ನೋಡಿ, ಆಗ ಅವಳು ಯಾವ ಧಾರಾವಾಹಿಯಲ್ಲಿ ಬೇಕಾದರೂ ಬರುವ ಹುಡುಗಿ ಆಗಿಬಿಟ್ಟಳು. ಆ ಹಾರುವ ಹುಡುಗ ವೆಸ್ಟ್ ಬಗ್ಗೆ ನಾನು ಮಾತಾಡುವುದಿಲ್ಲ.

ಒಂದು ತಮಾಷೆ ಗೊತ್ತಾ? ಮೊದಲ ಎಪಿಸೋಡಿನಲ್ಲಿ ಕ್ಲೇರ್ ಅಡುಗೆಮನೆ ಸಿಂಕಿನ ತ್ಯಾಜ್ಯ ಅರೆಯುವ ಯಂತ್ರಕ್ಕೆ ಕೈ ಹಾಕಿ ಬೆರಳು ಛಿದ್ರ ಮಾಡಿಕೊಳ್ಳುತ್ತಾಳೆ. ಆ ಯಂತ್ರದ ಬ್ರಾಂಡ್ ಹೆಸರು ತೆರೆಯ ಮೇಲೆ ಕಂಡಿತ್ತು. ತಯಾರಕರಾದ ಎಮರ್ಸನ್ ಎಲೆಕ್ಟ್ರಿಕ್ ಕಂಪನಿಯವರು ಎನ್‌ಬಿಸಿ ಮೇಲೆ ಕೇಸ್ ಹಾಕಿದರು. ಆಮೇಲೆ ಆ ಹೆಸರನ್ನು ಅಳಿಸಿದರು. ಸಾವಿರ ಸೂಪರ್ ಪವರ್ ಇದ್ದರೂ ವಕೀಲರ ಮುಂದೆ ಏನೂ ನಡೆಯುವುದಿಲ್ಲ.

ಲ್ಯಾಬ್‌ಕೋಟು

ಜೀವಶಾಸ್ತ್ರ ಕಲಿಸುವವನಾಗಿ ನನ್ನದೂ ಒಂದು ತಕರಾರು ದಾಖಲಾಗಲಿ. ಮೊದಲ ಎಪಿಸೋಡಿನಲ್ಲೇ ಮೊಹಿಂದರ್ ಸುರೇಶ್ ಕ್ಲಾಸಿನಲ್ಲಿ ನಿಂತು, ಮನುಷ್ಯ ಮಿದುಳಿನ ಶೇ. 10 ಮಾತ್ರ ಬಳಸುತ್ತಾನಂತೆ ಅನ್ನುತ್ತಾನೆ. ಜೆನೆಟಿಕ್ಸ್ ಪ್ರೊಫೆಸರ್ ಬಾಯಲ್ಲಿ ಇದಾ? ಮಿದುಳಿನ ಹತ್ತರಲ್ಲಿ ಒಂಬತ್ತು ಪಾಲು ಸುಮ್ನೆ ಬಿದ್ದಿದ್ದರೆ ಪಾರ್ಶ್ವವಾಯುವಿಗೆ ನಾವು ಅಷ್ಟು ಹೆದರಬೇಕಿರಲಿಲ್ಲ. ಜಿರಲೆಯೇ ವಿಕಾಸದ ತುತ್ತತುದಿ ಅಂತ ಇನ್ನೊಂದು ಮಾತು. ವಿಕಾಸಕ್ಕೆ ತುದಿ ಅಂತ ಇರುವುದಿಲ್ಲ ಮಾರಾಯ್ರೇ. ಅದು ಏಣಿ ಅಲ್ಲ. ಮತ್ತೆ ವಿಕಾಸ ನಡೆಯುವುದು ಒಂದು ಜನಸಮೂಹದಲ್ಲಿ, ತಲೆಮಾರುಗಳ ಮೇಲೆ. ಮಂಗಳವಾರ ಬೆಳಗ್ಗೆ ಎದ್ದ ಒಬ್ಬ ಮನುಷ್ಯನಿಗೆ ರೆಕ್ಕೆ ಬಂದರೆ ಅದಕ್ಕೆ ಬೇರೆ ಹೆಸರಿಡಬೇಕು.

ಕ್ಲೇರ್‌ನ ಶಕ್ತಿ ಮಾತ್ರ ಪೂರ್ತಿ ಗಾಳಿಮಾತಲ್ಲ. ಆಕ್ಸೊಲಾಟಲ್ ಅನ್ನುವ ಸಲಮಾಂಡರ್ ಕಾಲು ಕಡಿದರೆ ಮತ್ತೆ ಬೆಳೆಸಿಕೊಳ್ಳುತ್ತದೆ. ಪ್ಲನೇರಿಯಾ ಅನ್ನುವ ಚಪ್ಪಟೆ ಹುಳುವನ್ನು ತುಂಡು ಮಾಡಿದರೆ ತುಂಡುಗಳೂ ಪೂರ್ತಿ ಹುಳು ಆಗುತ್ತವೆ. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲೂ ಪ್ಲನೇರಿಯಾ ಮೇಲೆ ಸಂಶೋಧನೆ ನಡೆದಿದೆ. ನಮ್ಮ ಯಕೃತ್ತು ಕೂಡ ಒಂದು ಭಾಗ ತೆಗೆದರೆ ಬೆಳೆದುಕೊಳ್ಳುತ್ತದೆ. ಆದರೆ ಇದೆಲ್ಲಕ್ಕೂ ದಿನ, ವಾರ ಬೇಕು. ಆಹಾರ ಬೇಕು. ಕ್ಲೇರ್ ಮಾತ್ರ ತಿಂಡಿಯನ್ನೂ ಸರಿಯಾಗಿ ತಿನ್ನದೆ ಅರ್ಧ ನಿಮಿಷದಲ್ಲಿ ಪಕ್ಕೆಲುಬು ಜೋಡಿಸಿಕೊಳ್ಳುತ್ತಾಳೆ.

ವಿಜ್ಞಾನ ತಪ್ಪು ಅಂತ ಧಾರಾವಾಹಿ ಬಿಡಬೇಕಿಲ್ಲ. ನಾನೂ ಬಿಡಲಿಲ್ಲ. ಬಿಟ್ಟಿದ್ದು ಕ್ಲೇರ್‌ನ ರಕ್ತ ಕೊಟ್ಟು ಸತ್ತವರನ್ನು ಬದುಕಿಸಿದಾಗ. ಅವಳ ಅಪ್ಪ ನೋವಾ ಬೆನೆಟ್‌ಗೆ ಕಣ್ಣಿಗೇ ಗುಂಡು ಬೀಳುತ್ತದೆ. ಆ ದೃಶ್ಯ ನೋಡಿ ನಾನು ನಿಜಕ್ಕೂ ಬೆಚ್ಚಿಬಿದ್ದೆ. ಅದೇ ಎಪಿಸೋಡು ಮುಗಿಯುವಷ್ಟರಲ್ಲಿ ಒಂದು ಬಾಟಲಿ ರಕ್ತ ಏರಿಸಿದರು, ಎದ್ದು ಕೂತರು. ಇನ್ನು ಮುಂದೆ ಯಾರಿಗೆ ಏನಾದರೂ ನಾನು ಯಾಕೆ ಹೆದರಬೇಕು?

ಹಾರ್ಡ್‌ಡಿಸ್ಕ್ ಹುಡುಗ

+1. ಸಾವಿಗೇ ಬೆಲೆ ಇಲ್ಲ ಅಂದ ಮೇಲೆ ಉಳಿದಿದ್ದಕ್ಕೆ ಏನು ಬೆಲೆ.

ಮೈಸೂರ್‌ಪಾಕು

ಮೊಹಿಂದರ್ ಬಗ್ಗೆ ಯಾರೂ ನಮ್ಮ ಕಡೆಯಿಂದ ಬೈದಿಲ್ಲ ಅಂತ ಆಶ್ಚರ್ಯ. ಮದ್ರಾಸಿನ ಹುಡುಗನಿಗೆ ಮೊಹಿಂದರ್ ಅಂತ ಪಂಜಾಬಿ ಹೆಸರು! ಅಪ್ಪನ ಹೆಸರು ಚಂದ್ರ ಸುರೇಶ್. ಆ ಕಡೆ ಸಂಜೋಗ್ ಅಯ್ಯರ್ ಅನ್ನುವ ಹುಡುಗ, ಈ ಕಡೆ ಮೀರಾ ಶೆಣೈ. ನಕ್ಷೆಯ ಮೇಲೆ ಕಣ್ಣುಮುಚ್ಚಿ ಬೆರಳಿಟ್ಟಂತಿದೆ. ಪಾತ್ರ ಮಾಡಿದ ಸೆಂಧಿಲ್ ರಾಮಮೂರ್ತಿ ಬೆಳೆದಿದ್ದು ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿ. ತುಂಗಾ ಅವರ ನೆರೆಯವರು ಅನ್ನಿ. ಮೊಹಿಂದರ್‌ನ ಆ ಉಚ್ಚಾರಣೆ ಪಾತ್ರಕ್ಕಾಗಿ ಹಾಕಿಕೊಂಡಿದ್ದು.

ಇಷ್ಟಾದರೂ ಒಂದು ಮೆಚ್ಚಬೇಕು. 2006ರಲ್ಲಿ ಅಮೆರಿಕದ ಟಿವಿಯಲ್ಲಿ ಭಾರತದವನು ಅಂದರೆ ಅಂಗಡಿಯವನು ಅಥವಾ ತಮಾಷೆಯವನು. ಇಲ್ಲಿ ಇಡೀ ಕಥೆಯನ್ನು ಹೇಳುವ ದನಿಯೇ ಅವನದು. ಪಿಎಚ್‌ಡಿ ಮಾಡಿದವನು ಅಪ್ಪನ ಕೊಲೆಯ ಜಾಡು ಹಿಡಿದು ನ್ಯೂಯಾರ್ಕ್‌ಗೆ ಹೋಗಿ ಟ್ಯಾಕ್ಸಿ ಓಡಿಸುತ್ತಾನೆ. ಅಪ್ಪನೂ ಅಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದವನೇ. ಡಿಗ್ರಿ ಹಿಡಿದು ಹೋಗಿ ಸ್ಟೀರಿಂಗ್ ಹಿಡಿದವರು ಎಷ್ಟು ಜನರಿಲ್ಲ? ಆ ಎಳೆಯನ್ನು ಇನ್ನೂ ನಾಲ್ಕು ಎಪಿಸೋಡು ಎಳೆಯಬೇಕಿತ್ತು ಅನ್ನುವುದು ನನ್ನ ಆಸೆ. ಬೇಡದ್ದನ್ನೆಲ್ಲ ಎಳೆದರು.

ವೀಣೆತಂತಿ

ಸಂಗೀತದ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಹಿನ್ನೆಲೆ ಸಂಗೀತ ವೆಂಡಿ ಮತ್ತು ಲಿಸಾ ಅವರದು. ಪಾಪ್ ಗಾಯಕ ಪ್ರಿನ್ಸ್‌ನ ‘ದಿ ರೆವಲ್ಯೂಷನ್’ ತಂಡದಲ್ಲಿದ್ದವರು. ನಡುನಡುವೆ ಒಂದು ಗಂಡು ದನಿ ಆಲಾಪದಂತೆ ಕೇಳುತ್ತದೆ, ಮಾತಿಲ್ಲದ ಹಾಡು. ಅದು ಎಲ್. ಶಂಕರ್. ಜಾನ್ ಮೆಕ್‌ಲಾಫ್ಲಿನ್, ಜಾಕಿರ್ ಹುಸೇನ್ ಜೊತೆ ‘ಶಕ್ತಿ’ ತಂಡದಲ್ಲಿ ಪಿಟೀಲು ನುಡಿಸಿದವರು. ನಮ್ಮ ಬೆಂಗಳೂರಿನ ಎಲ್. ಸುಬ್ರಮಣ್ಯಂ ಅವರ ತಮ್ಮ. ಕರ್ನಾಟಕ ಸಂಗೀತ ಕೇಳಿದ ಕಿವಿಗೆ ಆ ಗಮಕ ತಕ್ಷಣ ಗೊತ್ತಾಗುತ್ತದೆ. ಇಯರ್‌ಫೋನ್ ಹಾಕಿ ಕೇಳಿ.

ಕಡಲತೀರ

ವೀಣೆತಂತಿಯವರೇ, ಇದು ಗೊತ್ತೇ ಇರಲಿಲ್ಲ. ಧನ್ಯವಾದ.

ಮುಸುರೆಪಾತ್ರೆಯವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಕ್ರಿಂಗ್ ಅವರ ಮೊದಲ ಯೋಚನೆಯಲ್ಲಿ ಪ್ರತಿ ಸೀಸನ್‌ಗೂ ಹೊಸ ಜನ, ಹೊಸ ಕಥೆ ಇತ್ತು. ಹಾಗಾಗಿದ್ದರೆ ಪ್ರತಿ ವರ್ಷವೂ ಶಕ್ತಿ ಕಂಡುಕೊಳ್ಳುವ ಆ ಮೊದಲ ಬೆರಗು ಸಿಗುತ್ತಿತ್ತು. ಆದರೆ ಹಿರೋ, ಕ್ಲೇರ್, ಸೈಲರ್ ಮನೆಮಾತಾಗಿಬಿಟ್ಟರು. ಬಿಡಲು ಚಾನೆಲ್‌ಗೂ ಮನಸ್ಸಾಗಲಿಲ್ಲ, ಜನರಿಗೂ ಇಷ್ಟವಿರಲಿಲ್ಲ. ಮೊದಲ ಸೀಸನ್ ಕೊನೆಯಲ್ಲಿ ಹಿರೋ ಕತ್ತಿಯಿಂದ ಇರಿದ ಮೇಲೆ ಸೈಲರ್ ಸಾಯಬೇಕಿತ್ತು. ಚರಂಡಿಗೆ ಇಳಿದು ತಪ್ಪಿಸಿಕೊಂಡ. ಆಮೇಲೆ ಅವನು ಒಳ್ಳೆಯವನಾದ, ಕೆಟ್ಟವನಾದ, ಪೆಟ್ರೆಲ್ಲಿಗಳ ಮಗ ಅಂದರು, ಅಲ್ಲ ಅಂದರು, ಕೊನೆಗೆ ನೇಥನ್‌ನ ರೂಪದಲ್ಲೇ ಓಡಾಡಿದ. ಸೈಲರ್ ಪಾತ್ರವನ್ನು ಜಕಾರಿ ಕ್ವಿಂಟೋ ಅಷ್ಟು ಚೆನ್ನಾಗಿ ಮಾಡಿದ್ದೇ ತೊಂದರೆಯಾಯಿತು.

‘ಹೀರೋಸ್: ಒರಿಜಿನ್ಸ್’ ಅಂತ ಆರು ಬಿಡಿ ಕಥೆಗಳ ಇನ್ನೊಂದು ಸರಣಿ ಮಾಡುವ ಯೋಜನೆಯೂ ಇತ್ತು. ಮುಷ್ಕರದ ಹೊತ್ತಿಗೆ ಅದೂ ಹೋಯಿತು. ರಾತ್ರಿಪಾಳಿಯವರೇ, ನಿಮ್ಮ ಮುಷ್ಕರದ ಮೇಲೆ ನಾನು ಹೊರಿಸುವ ಆರೋಪ ಇದೊಂದೇ.

ರಾತ್ರಿಪಾಳಿ

ನನ್ನ ಮುಷ್ಕರವಾ 😄 ಆಯಿತು, ಅರ್ಧ ಸೋತೆ.

ಆದರೆ ಪೀಟರ್ ವಿಷಯ ಬರೆಯಲೇಬೇಕು. ಅವನನ್ನು ಮೊದಲೇ ಅಷ್ಟು ಬಲಶಾಲಿ ಮಾಡಿಬಿಟ್ಟರು. ಹಾರುತ್ತಾನೆ, ಮಾಯವಾಗುತ್ತಾನೆ, ಕಾಲ ನಿಲ್ಲಿಸುತ್ತಾನೆ, ಸಾಯುವುದೂ ಇಲ್ಲ. ಇಂಥವನಿಗೆ ಕಷ್ಟ ಕೊಡುವುದು ಹೇಗೆ? ಅದಕ್ಕೆ ಎರಡನೇ ಸೀಸನ್‌ನಲ್ಲಿ ಮರೆವು ಬರಿಸಿದರು, ಮೂರರಲ್ಲಿ ಅವನ ಅಪ್ಪನೇ ಶಕ್ತಿ ಕಿತ್ತುಕೊಂಡ, ಆಮೇಲೆ ಒಂದು ಹೊತ್ತಿಗೆ ಒಂದೇ ಶಕ್ತಿ ಅಂತ ರೇಷನ್ ಮಾಡಿದರು. ಹಿರೋದೂ ಇದೇ ಗೋಳು. ಕಾಲದಲ್ಲಿ ಹಿಂದೆ ಹೋಗಿ ಎಲ್ಲ ಸರಿಮಾಡಬಲ್ಲವನನ್ನು ಸುಮ್ಮನಿರಿಸಲು ಪ್ರತಿ ವರ್ಷ ಹೊಸ ನೆಪ ಹುಡುಕಬೇಕು. ಒಮ್ಮೆ 1671ರ ಜಪಾನ್, ಒಮ್ಮೆ ಹತ್ತು ವರ್ಷದ ಹುಡುಗನ ಬುದ್ಧಿ, ಒಮ್ಮೆ ಮಿದುಳಿನಲ್ಲಿ ಗಡ್ಡೆ. ಬರಹಗಾರರು ತಾವೇ ಕಟ್ಟಿದ ಗಂಟು ಬಿಚ್ಚಲು ಮೂರು ಸೀಸನ್ ಕಳೆದರು.

ಮುಸುರೆಪಾತ್ರೆ

ಅದಕ್ಕೇ ನೋಡಿ, ಕೊನೆಯವರೆಗೂ ಬೇಸರ ಬರಿಸದ ಪಾತ್ರ ನೋವಾ ಬೆನೆಟ್. ಶಕ್ತಿಯೇ ಇಲ್ಲದವನು. ಒಂದು ಕನ್ನಡಕ, ಒಂದು ಪಿಸ್ತೂಲು, ಬಾಯಿ ತುಂಬಾ ಸುಳ್ಳು. ಅದನ್ನು ಮಾಡಿದ ಜಾಕ್ ಕೋಲ್ಮನ್‌ಗೆ ಶುರುವಿನಲ್ಲಿ ಸಣ್ಣ ಪಾತ್ರ ಅಂತ ಹೇಳಿದ್ದರು. ಪಾತ್ರಕ್ಕೆ ಮೊದಲ ಹೆಸರೂ ಇರಲಿಲ್ಲ, ಅದು ಗೊತ್ತಾಗಿದ್ದು ಸೀಸನ್ ಮುಗಿಯುವಾಗ.

ಮೊದಲ ಸೀಸನ್‌ನ 17ನೇ ಎಪಿಸೋಡು ‘ಕಂಪನಿ ಮ್ಯಾನ್’ ಮತ್ತೆ ನೋಡಿ. ಬ್ರಯನ್ ಫುಲ್ಲರ್ ಬರೆದಿದ್ದು. ಬೇರೆ ಎಪಿಸೋಡುಗಳಲ್ಲಿ ಐದಾರು ಕಥೆ ಒಟ್ಟಿಗೆ ಓಡುತ್ತವೆ, ಟೋಕಿಯೋ, ವೆಗಾಸ್, ನ್ಯೂಯಾರ್ಕ್ ಅಂತ ಜಿಗಿಯುತ್ತವೆ. ಇಲ್ಲಿ ಒಂದೇ ಮನೆ. ಮ್ಯಾಟ್ ಮತ್ತು ಅಣುಬಾಂಬಿನಂತೆ ಸಿಡಿಯಬಲ್ಲ ಟೆಡ್ ಸ್ಪ್ರೇಗ್ ಬೆನೆಟ್ ಕುಟುಂಬವನ್ನು ಒತ್ತೆಯಾಗಿ ಹಿಡಿದಿದ್ದಾರೆ. ಹಳೆಯದೆಲ್ಲ ಕಪ್ಪುಬಿಳುಪಿನಲ್ಲಿ ಬಿಚ್ಚಿಕೊಳ್ಳುತ್ತದೆ. ಈ ಪೇಪರ್ ಕಂಪನಿಯ ಮನುಷ್ಯ ನಿಜವಾಗಿ ಏನು ಕೆಲಸ ಮಾಡುತ್ತಾನೆ, ಮಗು ಅವನ ಕೈಗೆ ಹೇಗೆ ಬಂತು, ತನ್ನ ಜೊತೆಗಾರ ಕ್ಲೋಡ್‌ಗೆ ಸೇತುವೆಯ ಮೇಲೆ ಯಾಕೆ ಗುಂಡು ಹಾರಿಸಿದ. ಮಗುವನ್ನು ಸಾಕು, ಶಕ್ತಿ ಕಂಡರೆ ಒಪ್ಪಿಸು ಅಂತ ಅವನು ಗುಟ್ಟಾಗಿ ದುಡಿಯುವ ಕಂಪನಿಯ ಕಟ್ಟಪ್ಪಣೆ. ಸಾಕಿದ ಮೇಲೆ ಒಪ್ಪಿಸುವುದು ಹೇಗೆ? ಕೊನೆಗೆ ಅವನು ನೆನಪು ಅಳಿಸುವ ಶಕ್ತಿಯಿರುವ ಹೈಟಿ ದೇಶದವನ ಹತ್ತಿರ ತನ್ನ ನೆನಪನ್ನೇ ಅಳಿಸಿಕೊಳ್ಳುತ್ತಾನೆ, ಮಗಳು ಎಲ್ಲಿದ್ದಾಳೆ ಅಂತ ತನ್ನ ಬಾಯಿಂದಲೂ ಬರಬಾರದು ಅಂತ. ಯಾವ ಹಾರಾಟವೂ ಇಲ್ಲ. ಆ ಸೀಸನ್‌ನಲ್ಲಿ ನನಗೆ ಅಳು ಬಂದಿದ್ದು ಅಲ್ಲಿ ಮಾತ್ರ.

ಫುಲ್ಲರ್ ಆ ಸೀಸನ್ ಆದ ಮೇಲೆ ‘ಪುಶಿಂಗ್ ಡೇಸೀಸ್’ ಮಾಡಲು ಹೋದರು. ನನ್ನ ಪ್ರಕಾರ ಮುಷ್ಕರಕ್ಕಿಂತ ದೊಡ್ಡ ನಷ್ಟ ಅದು. ಮೂರನೇ ಸೀಸನ್‌ಗೆ ವಾಪಸ್ ಬಂದು ‘ಕೋಲ್ಡ್ ಸ್ನ್ಯಾಪ್’ ಬರೆದಾಗ ಒಂದು ವಾರದ ಮಟ್ಟಿಗೆ ಹಳೆಯ ಜೀವ ಕಾಣಿಸಿತು.

ಟೆಕ್ಸಾಸ್ ತುಂಗಾ

‘ಕಂಪನಿ ಮ್ಯಾನ್’ಗೆ ನನ್ನದೂ ಓಟು. ಆ ಮನೆಯ ನಾಯಿ ಮಿಸ್ಟರ್ ಮಗಲ್ಸ್‌ಗೂ ಓಟು.

ವೀಣೆತಂತಿ

ಧಾರಾವಾಹಿಯ ಚಿತ್ರಕಾರ ಐಸಾಕ್ ಬರೆಯುವ ಭವಿಷ್ಯದ ಚಿತ್ರಗಳನ್ನೂ ನೆನೆಯಿರಿ. ಅವು ಕಾಮಿಕ್ಸ್ ಕಲಾವಿದ ಟಿಮ್ ಸೇಲ್ ಅವರ ಕುಂಚದವು. 2022ರಲ್ಲಿ ತೀರಿಕೊಂಡರು. ಹಿರೋ ಮತ್ತು ಆಂಡೋ ಜಪಾನಿ ಮಾತಾಡುವಾಗ ಸಬ್‌ಟೈಟಲ್ ತೆರೆಯ ಕೆಳಗೆ ಬರುವುದಿಲ್ಲ, ಅವರ ಮುಖದ ಪಕ್ಕದಲ್ಲೇ ಬರುತ್ತದೆ, ಕಾಮಿಕ್ಸ್ ಪುಟದ ಹಾಗೆ. ಹಿರೋ ಪಾತ್ರದ ಮಾಸಿ ಓಕಾ ಹುಟ್ಟಿದ್ದು ಟೋಕಿಯೋದಲ್ಲಿ. ಇಂಗ್ಲಿಷಿನಲ್ಲಿ ಬಂದ ತನ್ನ ಸಂಭಾಷಣೆಯನ್ನು ತಾನೇ ಜಪಾನಿಗೆ ತಿರುಗಿಸಿಕೊಳ್ಳುತ್ತಿದ್ದರಂತೆ. ನಟನೆಗೆ ಮೊದಲು ಸಿನಿಮಾ ಗ್ರಾಫಿಕ್ಸ್ ಮಾಡುವ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್‌ನಲ್ಲಿ ಕೆಲಸದಲ್ಲಿದ್ದವರು.

ಲ್ಯಾಬ್‌ಕೋಟು

ಅಂದರೆ ಅವರೂ ಆಫೀಸಿನ ಗೂಡಿನಿಂದಲೇ ಬಂದವರು. ಅದಕ್ಕೇ ಹಿರೋ ‘ಯಾತ್ತಾ!’ (ಸಾಧಿಸಿಬಿಟ್ಟೆ!) ಅಂತ ಕೂಗಿದಾಗ ಅಷ್ಟು ನಿಜ ಅನ್ನಿಸಿತು.

ಹೊಸಬ_07

ನಾನು ಏನೂ ನೋಡಿಲ್ಲ, ಎಲ್ಲ ಸ್ಪಾಯ್ಲರ್ ಓದಿಬಿಟ್ಟೆ 🙈 ಆದರೂ ನೋಡಬೇಕು ಅನ್ನಿಸಿತು. ಮೊದಲ ಸೀಸನ್ ನೋಡಿ ನಿಲ್ಲಿಸಲಾ? ಇದರ ಮುಂದುವರಿಕೆ, 2015ರ ‘ಹೀರೋಸ್ ರಿಬಾರ್ನ್’ ಹೇಗಿದೆ?

ಹಾರ್ಡ್‌ಡಿಸ್ಕ್ ಹುಡುಗ

ರಿಬಾರ್ನ್ 13 ಎಪಿಸೋಡು. ಕ್ಲೇರ್ ಅದರಲ್ಲಿ ಇಲ್ಲ. ಸಾಯದ ಹುಡುಗಿ ಹೆರಿಗೆಯಲ್ಲಿ ಸತ್ತಳು ಅನ್ನುತ್ತಾರೆ. ನಿಮ್ಮ ಇಷ್ಟ.

ಮುಸುರೆಪಾತ್ರೆ

ಹೊಸಬರೇ, ಮೊದಲ ಸೀಸನ್ ಪೂರ್ತಿ ನೋಡಿ. 9ನೇ ಎಪಿಸೋಡಿನವರೆಗೆ ತಾಳ್ಮೆ ಇರಲಿ, ಆಮೇಲೆ ಅದೇ ಎಳೆದುಕೊಂಡು ಹೋಗುತ್ತದೆ. ಎರಡನೆಯದು ಬಿಟ್ಟರೂ ನಡೆಯುತ್ತದೆ. ಮೂರನೆಯದರಲ್ಲಿ ಸರ್ಕಾರ ಶಕ್ತಿ ಇರುವವರನ್ನು ಹಿಡಿದುಹಾಕುವ ಎರಡನೇ ಭಾಗ ‘ಫ್ಯುಜಿಟಿವ್ಸ್’ ಪರವಾಗಿಲ್ಲ. ನಾಲ್ಕನೆಯದನ್ನು ಜನ ಸುಮ್ನೆ ಬೈಯುತ್ತಾರೆ. ‘ದಿ ವಾಲ್’ ಅನ್ನುವ ಎಪಿಸೋಡಿನಲ್ಲಿ ಪೀಟರ್ ಮತ್ತು ಸೈಲರ್ ಖಾಲಿ ಊರಿನ ಕನಸಿನಲ್ಲಿ ವರ್ಷಗಟ್ಟಲೆ ಸಿಕ್ಕಿಹಾಕಿಕೊಂಡು ಒಂದು ಗೋಡೆ ಒಡೆಯುತ್ತಾ ಕೂರುತ್ತಾರೆ. ಪೀಟರ್‌ಗೆ ಅಲ್ಲಿ ಇರುವುದು ಒಂದು ಸುತ್ತಿಗೆ, ಎದುರಿಗೆ ಅಣ್ಣನನ್ನು ಕೊಂದವನು. ಅದನ್ನು ತಪ್ಪಿಸಬೇಡಿ.

ರಾತ್ರಿಪಾಳಿ

ಚಾರ್ಲಿಯನ್ನು ಮರೆತಿರಾ? ಮಿಡ್‌ಲ್ಯಾಂಡ್‌ನ ಹೋಟೆಲಿನಲ್ಲಿ ತಿಂಡಿ ಕೊಡುವ ಹುಡುಗಿ, ಒಮ್ಮೆ ಓದಿದ್ದು ಮರೆಯದವಳು. ಮೊದಲ ಸೀಸನ್‌ನಲ್ಲಿ ಹಿರೋ ಅವಳನ್ನು ಉಳಿಸಿಕೊಳ್ಳಲು ಹಿಂದಕ್ಕೆ ಹೋಗುತ್ತಾನೆ, ಆಗುವುದಿಲ್ಲ. ನಾಲ್ಕರಲ್ಲಿ ಅವಳು ಮತ್ತೆ ಸಿಗುವಾಗ ಅಜ್ಜಿ. 1944ಕ್ಕೆ ತಳ್ಳಿದ್ದರು, ಅಲ್ಲೇ ಮದುವೆ, ಮಕ್ಕಳು, ಮೊಮ್ಮಕ್ಕಳು. ಹಿಂದೆ ಹೋಗಿ ಅವಳನ್ನು ಕರೆತರಲು ಅವನಿಗೆ ಬರುತ್ತದೆ. ಕರೆತಂದರೆ ಆ ಮೊಮ್ಮಕ್ಕಳು ಹುಟ್ಟುವುದೇ ಇಲ್ಲ. ಹಾಗಾಗಿ ಬಿಡುತ್ತಾನೆ.

ಕಡಲತೀರ

ಅದನ್ನು ಬರೆದವರು ಮುಷ್ಕರ ಮುಗಿಸಿ ಬಂದವರೇ ಅಲ್ವಾ ಸರ್?

ರಾತ್ರಿಪಾಳಿ

ಆಯಿತು ಮಾರಾಯ್ರೇ, ಉಳಿದರ್ಧವೂ ಸೋತೆ. ಕೇಟ್ಲಿನ್ ಕೇಸು ಮಾತ್ರ ವಾಪಸ್ ತೆಗೆದುಕೊಳ್ಳುವುದಿಲ್ಲ.